ಡೆಲ್ಫೀನರ ತಂಗಿಯ ಬುಟ್ಟಿ

ಓಕ್ಲೆಂಡ್
೧೪ ಅಕ್ಟೋಬರ್ ೧೯೮೬

ಪ್ರೀತಿಯ ಊರ್ಮಿಳಕ್ಕನಿಗೆ,

ನನ್ನ ಪೋಸ್ಟರನ್ನು ಯಾಕೆ ಕಳಿಸಲಿಲ್ಲವೆಂದು ಎರಡು ಕಾಗದಗಳಲ್ಲಿ ಕೇಳಿದ್ದೀಯ. ಕಳಿಸಲು ಒಂದೂ ಉಳಿದಿಲ್ಲ.

ಇಲ್ಲಿಯ ಮೂಲನಿವಾಸಿಗಳು ಒಂದೆಡೆ ಸೇರಿ ನಗಾರಿ ಬಡಿದು, ಹಾಡಿ ಕುಣಿಯುವ ಕೂಟಕ್ಕೆ ಪವ್‌ವಾವ್ ಎನ್ನುತ್ತಾರೆ. ಅದರ ಪೋಸ್ಟರಿನ ಕೆಲಸ ನಮ್ಮ ಪ್ರೆಸ್ಸಿಗೆ ಬಂತು. ಚಿತ್ರ ಬರೆಯುವುದು ನನ್ನ ಪಾಲಿಗೆ. ಅವರ ಹಿರಿಯರಿಂದ ಕಲಿತು ಬರೆಯಲೆಂದು ಕೂಟದ ಸಮಿತಿಯವರು ನನ್ನನ್ನು ಡೆಲ್ಫೀನರ ಬಳಿಗೆ ಕಳಿಸಿದರು. ಎಪ್ಪತ್ತು ದಾಟಿದವರು, ಬುಟ್ಟಿ ಹೆಣೆಯುವವರು. ಬೇಸಿಗೆಯಿಡೀ ಶನಿವಾರಗಳಂದು ಅವರ ಅಪಾರ್ಟ್‌ಮೆಂಟಿಗೆ ಹೋದೆ. ಬುಟ್ಟಿ ಹೆಣೆಯಲು ಬೇರು ಸೀಳುವುದನ್ನು ಕಲಿಸಿದರು. ನಾನು ಬೆರಳು ಕೊಯ್ದುಕೊಂಡಾಗ ಮಗುವಿಗೆ ಊದುವ ಹಾಗೆ ಊದಿದರು.

ಒಂದು ದಿನ ಮಂಚದಡಿಯಿಂದ ಅಂಗೈಯಗಲದ ಬುಟ್ಟಿಯೊಂದನ್ನು ತೆಗೆದರು. ಅವರ ತಂಗಿಗೆಂದು ತಾಯಿ ಹೆಣೆದದ್ದು. ಆರು ವರ್ಷದ ಆ ಮಗುವನ್ನು ಸರ್ಕಾರದವರು ದೂರದ ವಸತಿಶಾಲೆಗೆ ಒಯ್ದರು. ಅಲ್ಲೇ ಕ್ಷಯದಿಂದ ಸತ್ತಳು. ಎಲ್ಲಿ ಹೂತರೆಂದೂ ಗೊತ್ತಿಲ್ಲ. ಬುಟ್ಟಿ ತೋರಿಸುತ್ತ ಡೆಲ್ಫೀನ್ ಏನೋ ಹೇಳಿದರು. ನನ್ನ ಇಂಗ್ಲಿಷಿಗೆ ಪೂರ್ತಿ ದಕ್ಕಲಿಲ್ಲ.

ಮನೆಗೆ ಬಂದು ಆ ಬುಟ್ಟಿಯನ್ನೇ ಬರೆದೆ. ಅಂಥ ಚಿತ್ರ ನನ್ನ ಕೈಯಿಂದ ಇನ್ನೊಮ್ಮೆ ಬರಲಾರದು, ಅಕ್ಕ. ಡೆಲ್ಫೀನ್ ಒಪ್ಪಿರಬೇಕೆಂದುಕೊಂಡು ಸಮಿತಿಯವರು ಮೆಚ್ಚಿ ಊರೆಲ್ಲ ಅಂಟಿಸಿದರು.

ಡೆಲ್ಫೀನ್ ಅದನ್ನು ಕಂಡದ್ದು ಲಾಂಡ್ರಿಯ ಕಿಟಕಿಯಲ್ಲಿ. ಪ್ರೆಸ್ಸಿಗೆ ಬಂದವರು ಕೂಗಾಡಲಿಲ್ಲ. "ಅವಳನ್ನು ಒಯ್ದವರೂ ನಮ್ಮನ್ನು ಕೇಳಿರಲಿಲ್ಲ" ಎಂದಷ್ಟೇ ಹೇಳಿ ಹೊರಟುಹೋದರು.

ಎರಡು ದಿನ ಬೀದಿ ಬೀದಿ ಸುತ್ತಿ ಪೋಸ್ಟರುಗಳನ್ನು ಕಿತ್ತೆ. ಉಗುರುಗಳಲ್ಲಿ ಅಂಟು ತುಂಬಿತ್ತು. ಮನೆಯಲ್ಲಿ ನಮ್ಮ ಯಜಮಾನರು, "ಒಂದು ಪೋಸ್ಟರಿಗೆ ಇಷ್ಟು ಟೆನ್ಷನ್ ಯಾಕೆ ಮಾಡ್ಕೋತೀಯ? ಸಾರಿ ಹೇಳಿದೀಯಲ್ಲ, ಬಿಡು" ಎಂದರು. ಭಾಷೆಯಿಂದಾದ ತಪ್ಪು ಎಂದು ಸಮಿತಿಯವರೂ ಕ್ಷಮಿಸಿದರು.

ಪವ್‌ವಾವ್‌ಗೆ ಡೆಲ್ಫೀನ್ ಬರಲಿಲ್ಲ. ಹಿಂದಿನ ವಾರವೇ ಆ ಬುಟ್ಟಿಯನ್ನು ತಮ್ಮ ಬೆಟ್ಟದೂರಿಗೆ ಒಯ್ದು ಸುಟ್ಟರಂತೆ. ಊರೆಲ್ಲ ನೋಡಿದ ಮೇಲೆ ಅದು ತಂಗಿಯದಾಗಿ ಉಳಿಯಲಿಲ್ಲ ಎಂದರಂತೆ. ಇದನ್ನು ನನಗೆ ಹೇಳಿದ್ದು ಅವರ ಸೊಸೆ. ಮರುದಿನ ಹೋಗಿ ಬಾಗಿಲು ತಟ್ಟಿದೆ. ಒಳಗೆ ರೇಡಿಯೋ ನಿಂತಿತು. ಬಾಗಿಲು ತೆರೆಯಲಿಲ್ಲ.

ನಿನ್ನ ತಂಗಿ
ನಿರುಪಮಾ

ತಾ.ಕ.: ಇಂಗ್ಲಿಷ್ ದಕ್ಕಲಿಲ್ಲವೆಂದು ನಿನಗೂ ಸುಳ್ಳು ಬರೆದೆ. "ನೋಡು, ಆದರೆ ಚಿತ್ರ ಬರೆಯಬೇಡ" ಎಂದಿದ್ದರು. ಆಗಲಿ ಎಂದು ನಾನು ತಲೆಯಾಡಿಸಿದ್ದೆ.