ಆರು ತಿಂಗಳ ಮಟ್ಟಿಗೆ

ಕಾಗಿಣಾ ನದಿಯ ದಂಡೆ,
ಮರುಬೇಸಿಗೆಯ ಮೂವತ್ತೊಂದನೇ ದಿನ, ೨೧೭೩

ಸೋಲಾರ್ ಹಾಳೆ ಜೋಡಿಸುವ ಅಕ್ಕತಂಗಿಯರಿಗೆ ಜಗದೇವಿಯ ಶರಣು.

ಮೇಲಿನ ತಾರೀಖು ನೋಡಿ ನೀವು ಈ ಕಾಗದವನ್ನು ಮಡಚಿ ಪಕ್ಕಕ್ಕಿಡಬಹುದು. ದಯವಿಟ್ಟು ಇಡಬೇಡಿ. ನಿಮ್ಮ ಕಾಲದಲ್ಲಿ ಮರುಬೇಸಿಗೆ ಇರಲಿಲ್ಲವೆಂದು ಶಾಲೆಯಲ್ಲಿ ನಮಗೆ ಹೇಳಿಕೊಟ್ಟಿದ್ದಾರೆ. ಈಗ ಮಳೆ ನಿಂತ ಮೇಲೆ, ದಸರೆಯ ಆಸುಪಾಸಿನಲ್ಲಿ, ಬೇಸಿಗೆ ಇನ್ನೊಮ್ಮೆ ಬಂದು ನಲವತ್ತು ದಿನ ಕೂರುತ್ತದೆ. ಅದಕ್ಕೆ ಆ ಹೆಸರು. ನನ್ನ ಬರಹದಲ್ಲಿ ಇಂಥ ಅಪರಿಚಿತ ಪದಗಳು ಇನ್ನೂ ಕೆಲವು ಬರುತ್ತವೆ, ಕ್ಷಮಿಸಿ. ಬಂದ ಕಡೆಯೇ ಅರ್ಥ ಹೇಳುತ್ತೇನೆ. ಹಿಂದಿನವರಿಗೆ ಬರೆದ ಕಾಗದ ಹಿಂದಕ್ಕೆ ಹೋಗುವುದಿಲ್ಲ ಎಂದು ಊರಿನ ಮೇಷ್ಟ್ರು ಹೇಳಿದರು. ಇರಬಹುದು. ಆದರೆ ನಾನು ಕಂಡದ್ದನ್ನು ನಿಮಗಲ್ಲದೆ ಬೇರೆ ಯಾರಿಗೆ ಹೇಳಬೇಕೋ ನನಗೆ ತಿಳಿಯುತ್ತಿಲ್ಲ.

ನೀವು ಹಾಳೆ ಜೋಡಿಸುವ ಅದೇ ಶೆಡ್ಡಿನಲ್ಲಿ, ಅದೇ ಶಹಾಬಾದ್ ಕಲ್ಲಿನ ನೆಲದ ಮೇಲೆ ಕುಳಿತು ನಾವು ಹಾಳೆ ಬಿಡಿಸುತ್ತೇವೆ. ಹಳೆಯ ಗಣಿಗಳಲ್ಲಿ ನಿಮ್ಮ ಕಾಲದ ಹಾಳೆಗಳು ಲಕ್ಷಗಟ್ಟಲೆ ಹೂತುಬಿದ್ದಿವೆ. ಅವುಗಳನ್ನು ಅಗೆದು ತೊಳೆದು ಬೆಲ್ಟಿನ ಮೇಲೆ ಬಿಡುತ್ತಾರೆ. ಬೆಲ್ಟು ಕಾದ ಕಲ್ಲಿನ ಕೆಳಗೆ ಹಾದು ಬರುವಾಗ ಒಳಗಿನ ಅಂಟು ಕರಗುತ್ತದೆ. ಒಬ್ಬಳು ಬೆನ್ನಿನ ಪದರ ಸುಲಿಯುತ್ತಾಳೆ, ಪಕ್ಕದವಳು ಗಾಜು ಎತ್ತಿ ಬೇರೆ ಮಾಡುತ್ತಾಳೆ. ಹೀಗೆ ಜೊತೆಯಾಗಿ ಕೂರುವ ಇಬ್ಬರೂ ಒಬ್ಬರಿಗೊಬ್ಬರು ‘ನೆರೆಗೈ’. ಮದುವೆಯಲ್ಲಿ ಗಂಡನ ಕಡೆಯವರು ಹುಡುಗಿಯ ನೆರೆಗೈ ಯಾರೆಂದು ವಿಚಾರಿಸುವಷ್ಟು ದೊಡ್ಡ ಸಂಬಂಧ ಅದು. ಕೆಲವೊಮ್ಮೆ ಗಾಜಿನಡಿಯಲ್ಲಿ ಒಂದು ಉದ್ದನೆಯ ಕೂದಲು ಸಿಗುತ್ತದೆ. ನಿಮ್ಮಲ್ಲಿ ಯಾರದೋ ಕೂದಲು. ನಾವು ಅದನ್ನು ಎಸೆಯುವುದಿಲ್ಲ, ಹೊರಗೆ ಬೇವಿನ ಬುಡದಲ್ಲಿ ಹಾಕುತ್ತೇವೆ. ಏಕೆಂದು ಕೇಳಿದರೆ ಗೊತ್ತಿಲ್ಲ.

ಪ್ರತಿ ಜೋಡಿಯ ತಲೆಯ ಮೇಲೆ ಒಂದು ‘ಸಾಲುಗಣ್ಣು’ ಇರುತ್ತದೆ. ಅದು ಮುಖ ನೋಡುವುದಿಲ್ಲ, ಕೈ ಮಾತ್ರ ನೋಡುತ್ತದೆ. ಕೈ ನಿಂತರೆ ‘ಕೈತಡೆ’ ಎಂದು ಬರೆದುಕೊಳ್ಳುತ್ತದೆ. ವರ್ಷದಲ್ಲಿ ಮೂರು ಕೈತಡೆ ಆದವಳಿಗೆ ಬೆಲ್ಟಿನಲ್ಲಿ ಜಾಗ ಇರುವುದಿಲ್ಲ. ಬೆಲ್ಟಿನಲ್ಲಿ ಜಾಗ ಇಲ್ಲದವಳ ಮನೆಯವರಿಗೆ ‘ತಂಪುಮನೆ’ಯಲ್ಲೂ ಜಾಗ ಇಲ್ಲ. ಬಿಸಿಲು ಏರಿದ ಮೇಲೆ ಇಡೀ ಊರು ಹೋಗಿ ಮಲಗುವ ದೊಡ್ಡ ತಣ್ಣನೆಯ ಕಟ್ಟಡಕ್ಕೆ ನಾವು ತಂಪುಮನೆ ಎನ್ನುತ್ತೇವೆ. ಅದು ಕಂಪನಿಯದು. ಮರುಬೇಸಿಗೆಯ ಮಧ್ಯಾಹ್ನವನ್ನು ಅದರ ಹೊರಗೆ ಕಳೆಯಬಹುದೆಂದು ನಾವು ಎಣಿಸಿಯೇ ಇರಲಿಲ್ಲ.

ನನ್ನ ನೆರೆಗೈ ಹುಸೇನಬಿ. ಇಪ್ಪತ್ತಾರು ವರ್ಷ ನನ್ನ ಎಡಕ್ಕೆ ಕುಳಿತವಳು. ನಾನು ಸುಲಿಯುವವಳು, ಅವಳು ಎತ್ತುವವಳು. ಮಾತಿನ ಮಲ್ಲಿ. ಸಾಲುಗಣ್ಣು ಬಾಯಿ ನೋಡುವುದಿಲ್ಲವಲ್ಲ, ಅದಕ್ಕೆ ಬೆಳಗಿನಿಂದ ಬಿಸಿಲೇರುವವರೆಗೆ ಅವಳ ಬಾಯಿ ನಿಲ್ಲುತ್ತಿರಲಿಲ್ಲ. ಮರುಬೇಸಿಗೆಯ ಆರನೇ ದಿನ ಮಾತ್ರ ಸುಮ್ಮನಿದ್ದಳು. ಎದೆ ಹಿಡಿದಂತಾಗುತ್ತಿದೆ, ಗಾಜಿನ ಪುಡಿ ಉಸಿರಿಗೆ ಹೋಗಿರಬೇಕು ಎಂದಳು. ಬೆಲ್ಟು ತಾನಾಗಿ ಸ್ವಲ್ಪ ಹೊತ್ತು ನಿಲ್ಲುವ ನೀರಿನ ಗಂಟೆಯ ತನಕ ತಡೆದುಕೋ ಎಂದೆ. ಸ್ವಲ್ಪ ಹೊತ್ತಿನ ಮೇಲೆ ಅವಳು ಮೇಜಿನ ಅಂಚಿಗೆ ಹಣೆ ಇಟ್ಟಳು. ಕೈ ಎರಡೂ ತೊಡೆಯ ಮೇಲೆ ಬಿದ್ದವು.

ಮುಂದಿನದನ್ನು ಬರೆಯಲು ನನಗೆ ನಾಲ್ಕು ದಿನ ಹಿಡಿಯಿತು.

ನಾನು ಎರಡು ಕೈಯಲ್ಲಿ ಇಬ್ಬರ ಕೆಲಸ ಮಾಡತೊಡಗಿದೆ. ಸುಲಿದೆ, ಎತ್ತಿದೆ, ಸುಲಿದೆ, ಎತ್ತಿದೆ. ಎತ್ತದಿದ್ದರೆ ಗಾಜು ರಾಶಿಬಿದ್ದು ಅವಳ ತಲೆಯ ಮೇಲೆಯೇ ಒಡೆಯುತ್ತಿತ್ತು, ಅದು ನಿಜ. ಆದರೆ ನಾನು ಮಾಡಿದ್ದು ಅದಕ್ಕಷ್ಟೇ ಅಲ್ಲ. ಕೈ ನಿಲ್ಲಿಸಬಹುದು ಎಂಬುದೇ ನನಗೆ ಹೊಳೆಯಲಿಲ್ಲ. ಅವಳ ತಲೆ ನನ್ನ ಮೊಣಕೈಗೆ ತಾಗುತ್ತಿತ್ತು. ಮೊದಲು ಬಿಸಿ ಇತ್ತು, ಆಮೇಲೆ ಆ ಬಿಸಿ ಬೇರೆಯಾಯಿತು. ನಾನು ಅವಳಿಗೆ, "ಸ್ವಲ್ಪ ತಡಿ ಹುಸೇನಾ, ಗಂಟಿ ಹೊಡೀಲಿ," ಎಂದೆ. ಸತ್ತವಳಿಗೆ ಹೇಳುತ್ತಿದ್ದೇನೆಂದು ನನ್ನ ಒಳಗೆ ಯಾರಿಗೋ ಗೊತ್ತಿತ್ತು. ಎದುರು ಸಾಲಿನ ಹೆಂಗಸರು ನೋಡಿದರು. ಎಂಬತ್ತನಾಲ್ಕು ಜನ ನೋಡಿದೆವು. ಒಬ್ಬಳೂ ಏಳಲಿಲ್ಲ. ನಲವತ್ತು ನಿಮಿಷವಾದ ಮೇಲೆ ಗಂಟೆ ಹೊಡೆಯಿತು. ಆಗ ಎಲ್ಲರೂ ಒಟ್ಟಿಗೆ ಅತ್ತೆವು.

ಹುಸೇನಬಿಯ ಮಗಳು ನಸೀಮಾ ಗೇಟಿಗೆ ಬಂದಳು. ನದಿ ಪಾತ್ರದ ಕಾಯಿಪಲ್ಲೆ ತೋಟದಲ್ಲಿ ದುಡಿಯುವ, ಮದುವೆಯ ವಯಸ್ಸಿಗೆ ಬಂದ ಹುಡುಗಿ. ಮಣ್ಣು ಮೆತ್ತಿದ ಕೈಯಲ್ಲಿಯೇ ಬಂದಿದ್ದಳು. ಅಮ್ಮಿ ಎಷ್ಟು ಹೊತ್ತಿಗೆ ಹೋದಳೆಂದು ಕೇಳಿದಳು. ಗಂಟೆಯ ಹೊತ್ತಿಗೆ ಎಂದೆ. ಸುಳ್ಳು ಹೇಳಿದೆ. ಮಣ್ಣು ಮಾಡಿ ಬಂದ ಮರುದಿನ ಬೆಳಿಗ್ಗೆ ಕೆಲಸದ ಕೈಗವಸು ಹಾಕಿಕೊಳ್ಳಲು ಹೋದರೆ ಬೆರಳು ಮಡಚುತ್ತಲೇ ಇಲ್ಲ. ನೇರವಾಗಿ ಅವರ ಮನೆಗೆ ಹೋದೆ. ನಲವತ್ತು ನಿಮಿಷದ ವಿಷಯ ಹೇಳಿದೆ. ಅವಳು ಬಯ್ಯುತ್ತಾಳೆಂದುಕೊಂಡಿದ್ದೆ. ಅವಳು ನನ್ನ ಮುಖ ನೋಡಲಿಲ್ಲ. ಸಾಲುಗಣ್ಣಿನ ಹಾಗೆ ನನ್ನ ಕೈಗಳನ್ನೇ ನೋಡಿದಳು.

"ಮೌಶಿ, ಈ ಕೈ ಯಾಕ ನಿಂದರಲಿಲ್ಲ?" ಎಂದು ಕೇಳಿದಳು.

ಅದೊಂದೇ ಮಾತು. ಉತ್ತರ ಹುಡುಕಿಕೊಂಡು ಗುರುಲಿಂಗಮ್ಮಾಯಿಯ ಹತ್ತಿರ ಹೋದೆ. ತೊಂಬತ್ತು ದಾಟಿದ ಮುದುಕಿ, ಒಂದು ಕಾಲದಲ್ಲಿ ನಮ್ಮ ಬೆಲ್ಟಿನಲ್ಲೇ ಕುಳಿತವಳು. ಎಲ್ಲವನ್ನೂ ಕೇಳಿಸಿಕೊಂಡು, ಮುಷ್ಕರ ಅಂದರೆ ಏನೆಂದು ನನ್ನನ್ನೇ ಕೇಳಿದಳು. ಕೂಸು ಅನ್ನ ಒಲ್ಲೆನೆಂದು ಬಾಯಿ ಬಿಗಿಹಿಡಿದರೆ ನಾವು ಮುಷ್ಕರ ಎನ್ನುತ್ತೇವೆ. ಆ ಪದಕ್ಕೆ ನಮ್ಮಲ್ಲಿ ಬೇರೆ ಅರ್ಥ ಉಳಿದಿಲ್ಲ. ಹಾಗೆಯೇ ಹೇಳಿದೆ.

"ಕೂಸುಗೋಳಷ್ಟೇ ಅಲ್ಲಬೇ. ನಮ್ಮಾಯಿ ಹೇಳ್ತಿದ್ದಳು, ಮೊದಲ ದೊಡ್ಡವರೂ ಮಾಡ್ತಿದ್ರಂತ. ಎಲ್ಲರೂ ಕೂಡಿ ಕೈ ಕಟ್ಟಿ ಕುಂದರತಿದ್ರಂತ," ಎಂದಳು.

ಅಕ್ಕಂದಿರೇ, ಆ ದಿನ ನನಗಾದ ಗಾಬರಿಯನ್ನು ಹೇಗೆ ಹೇಳಲಿ? ನಿಮಗೆ ಇದು ಹಳೆಯ ಮಾತು. ನಿಮ್ಮಲ್ಲಿ ಸಂಘವಿದೆ, ಬಾವುಟವಿದೆ, ಗೇಟಿನ ಮುಂದೆ ಕೂಗುವ ಘೋಷಣೆ ಇದೆ. ನನಗೆ ಯಾರೋ ಮನೆಯೊಳಗೇ ಇನ್ನೊಂದು ಕೋಣೆ ತೆರೆದು ತೋರಿಸಿದಂತಾಯಿತು. ಜೋಡಿಯಿಂದ ಜೋಡಿಗೆ ಬಾಯಿಂದಲೇ ಸುದ್ದಿ ಹೋಯಿತು. ಮರುಬೇಸಿಗೆಯ ಹತ್ತನೇ ದಿನ ಬೆಳಿಗ್ಗೆ ನಾವು ಎಂದಿನಂತೆ ಒಳಗೆ ಹೋಗಿ, ನಮ್ಮ ನಮ್ಮ ಜಾಗದಲ್ಲಿ ಕುಳಿತು, ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡೆವು.

ಬೆಲ್ಟು ಓಡುತ್ತಲೇ ಇತ್ತು. ಹಾಳೆಗಳು ಬಂದವು, ನಮ್ಮೆದುರು ಹಾದುಹೋದವು, ಕೊನೆಯಲ್ಲಿ ಬಿದ್ದು ಒಡೆದವು. ನಾವು ಗೋಡೆಗೆ ಸರಿದು ನಿಂತೆವು. ಮೇಲ್ವಿಚಾರಕ ಸಿದ್ರಾಮಪ್ಪ ಸಾಹೇಬರು ಓಡಿಬಂದರು. ಬೈದರು, ಬೇಡಿಕೊಂಡರು. ಗಾಜಿನ ರಾಶಿ ಸೊಂಟದೆತ್ತರ ಏರಿತು. ಹಾಗಾದರೆ ಬೆಲ್ಟು ನಿಲ್ಲಿಸಿ ಮಾತಾಡಿ ಎಂದು ನಾನು ಹೇಳಿದೆ. ಅವರು ತಲೆಯ ತುಂಬ ಬಿಳಿ ಪುಡಿ ಹೊತ್ತು ನಮ್ಮ ಮುಂದೆ ನಿಂತರು. ಅವರ ಧ್ವನಿ ಇಳಿದುಹೋಗಿತ್ತು.

"ಇದನ್ನ ನಿಂದರಸೋದು ನನಗೂ ಬರಲ್ರಿ ಅಕ್ಕಾ. ಇಲ್ಲಿ ಯಾರಿಗೂ ಬರಲ್ಲ," ಎಂದರು.

ಹುಸೇನಬಿ ಬಿದ್ದ ದಿನ ಅವರು ಕಿಟಕಿಯಿಂದ ನೋಡುತ್ತ ನಿಂತಿದ್ದರು. ಕಲ್ಲುಮನಸ್ಸಿನವರು ಎಂದು ಆಗ ಅಂದುಕೊಂಡಿದ್ದೆ. ಅವರೂ ನಮ್ಮ ಹಾಗೆಯೇ ನಿಂತಿದ್ದರು. ಕೊನೆಗೆ ದೂರದ ಊರಿನಿಂದ ಯಾರೋ ಇಡೀ ಕಾರ್ಖಾನೆಯ ಕರೆಂಟು ತೆಗೆದರು. ಅಷ್ಟರಲ್ಲಿ ಬಾಗಿಲಿನ ಅರ್ಧದವರೆಗೆ ಗಾಜು ತುಂಬಿತ್ತು.

ಆ ಮಧ್ಯಾಹ್ನ ತಂಪುಮನೆಯ ಬಾಗಿಲು ನಮಗೆ ತೆರೆಯಲಿಲ್ಲ. ಮುದುಕರನ್ನೂ ಮಕ್ಕಳನ್ನೂ ಕರೆದುಕೊಂಡು, ಹಾಳೆ ತುಂಬದೆ ಉಳಿದ ಒಂದು ಕಲ್ಲಿನ ಗಣಿಗೆ ಇಳಿದೆವು. ತಳದಲ್ಲಿ ಹಸಿಮಣ್ಣಿತ್ತು, ನೆರಳಿತ್ತು. ಒದ್ದೆ ಸೀರೆ ಹೊದ್ದು ಮಲಗಿದೆವು. ನಸೀಮಾ ತೋಟದಿಂದ ಸೌತೆಕಾಯಿ ತಂದು ಹಂಚುತ್ತಿದ್ದಳು, ನನಗೂ ಕೊಡುತ್ತಿದ್ದಳು, ಮಾತಾಡುತ್ತಿರಲಿಲ್ಲ. ಕೈ ಕಟ್ಟಿ ಕುಳಿತ ಎಂಟನೇ ದಿನ ಒಂಬತ್ತು ಜನ ಕೆಲಸಕ್ಕೆ ಮರಳಿದರು. ಅವರ ಮನೆಗಳಲ್ಲಿ ಹಸುಗೂಸುಗಳಿದ್ದವು. ನಾವು ಅವರನ್ನು ಏನೂ ಅನ್ನಲಿಲ್ಲ, ಆದರೆ ಅವರು ಗಣಿಯ ಮೆಟ್ಟಿಲು ಹತ್ತುವಾಗ ಒಬ್ಬೊಬ್ಬರನ್ನೇ ಎಣಿಸಿದೆ. ಎಲ್ಲ ಮುಗಿಯಿತೆಂದೇ ತಿಳಿದೆ.

ಹನ್ನೆರಡನೇ ದಿನ ಸಿದ್ರಾಮಪ್ಪ ಸಾಹೇಬರು ಗಣಿಗೆ ಇಳಿದು ಬಂದರು. ಬೇಕಾದಾಗ ಬೆಲ್ಟು ನಿಲ್ಲಿಸುವ ದಾರಿ ಬೇಕೆಂಬುದು ನಮ್ಮ ಬೇಡಿಕೆಯಾಗಿತ್ತು. ಅದು ಕಂಪನಿಯ ಕೈಯಲ್ಲಿಲ್ಲ, ಕಾರ್ಮಿಕರೇ ಬರೆದುಕೊಟ್ಟ ಒಪ್ಪಂದವಿದೆ ಎಂದು ಮೇಲಿನವರು ತಿಳಿಸಿ ಅದರ ನಕಲು ಕಳಿಸಿದ್ದರು. ನಮ್ಮಲ್ಲಿ ಹಳೆಯ ಅಕ್ಷರ ಓದಲು ಬರುವವಳು ಮೇಷ್ಟ್ರ ಹತ್ತಿರ ಕಲಿತ ನಸೀಮಾ ಒಬ್ಬಳೇ. ನಿಧಾನವಾಗಿ, ಬೆರಳಿಟ್ಟು ಓದಿದಳು. ಎರಡು ಸಾವಿರದ ಮೂವತ್ತೊಂದನೇ ಇಸವಿ, ಮೇ ತಿಂಗಳು. ಆ ಬೇಸಿಗೆ ಶೆಡ್ಡಿನಲ್ಲಿ ಹನ್ನೊಂದು ಹೆಂಗಸರು ಬಿಸಿಲಿಗೆ ಮೂರ್ಛೆ ಹೋಗಿದ್ದರು. ಶೆಡ್ಡಿಗೆ ತಣ್ಣನೆಯ ಗಾಳಿಯ ಯಂತ್ರ ಹಾಕಿಸುವುದಾಗಿ ಕಂಪನಿ ಒಪ್ಪಿತ್ತು. ಪದೇ ಪದೇ ಬೆಲ್ಟು ನಿಂತರೆ ಯಂತ್ರದ ಖರ್ಚು ಹುಟ್ಟುವುದಿಲ್ಲವೆಂದು, ಅದಕ್ಕೆ ಬದಲಾಗಿ, ಬೆಲ್ಟು ನಿಲ್ಲಿಸಲು ಕೆಲಸಗಾರರ ಕೈಗೆಟಕುವಂತಿದ್ದ ಕೆಂಪು ಬಟನ್‌ಗಳನ್ನು ಮುಚ್ಚಲು ಸಂಘ ಒಪ್ಪಿತ್ತು. ತಾತ್ಕಾಲಿಕವಾಗಿ. ಆರು ತಿಂಗಳ ಮಟ್ಟಿಗೆ. ಕೆಳಗೆ ಏಳು ಹೆಂಗಸರ ಸಹಿ.

ಕಂಪನಿ ನಮ್ಮಿಂದ ಕಸಿದುಕೊಂಡಿದೆ ಎಂದು ನಂಬಿ ನಾವು ಗಣಿಯಲ್ಲಿ ಮಲಗಿದ್ದೆವು. ಹಿಂದಿನಿಂದ ಯಾರೋ, "ನಮ್ಮವರೇ ಬರದಾರೇನು?" ಎಂದರು. ನಸೀಮಾ ಇನ್ನೊಮ್ಮೆ ಓದಿದಳು. ಆರು ತಿಂಗಳಾದ ಮೇಲೆ ಬಟನ್ ತೆರೆಯಬೇಕೆಂದು ಯಾರೂ ಬಂದು ಕೇಳಿದ ದಾಖಲೆ ಆ ಕಡತದಲ್ಲಿ ಇಲ್ಲವೆಂದು ಸಾಹೇಬರೇ ಹೇಳಿದರು. ತಣ್ಣನೆಯ ಗಾಳಿಯ ಯಂತ್ರ ಹದಿನೈದು ವರ್ಷಕ್ಕೆ ಕೆಟ್ಟುಹೋಯಿತಂತೆ. ಆರು ತಿಂಗಳು ಮಾತ್ರ ನೂರ ನಲವತ್ತೆರಡು ವರ್ಷ ನಡೆಯಿತು.

ಅಲ್ಲಿಯವರೆಗೆ ನಾವು ಬೇಡುತ್ತಿದ್ದೆವು. ಆ ಕಾಗದ ಕೇಳಿದ ಮೇಲೆ ಅವಧಿ ಮುಗಿದಿದೆ ಎಂದೆವು. ನಮ್ಮ ಮಾತು ಅಷ್ಟೇ. ಅದನ್ನೇ ನಾಲ್ಕು ದಿನ ಹೇಳಿದೆವು. ಮರಳಿ ಹೋಗಿದ್ದ ಒಂಬತ್ತು ಜನರೂ ಹೊರಗೆ ಬಂದು ಅದನ್ನೇ ಹೇಳಿದರು. ಹದಿನಾರನೇ ದಿನ ಕಂಪನಿ ಒಪ್ಪಿತು. ಗಾಜಿನ ಪುಡಿ ತಡೆಯುವ ಮುಖಪಟ್ಟಿ ಕೊಡಲಿಲ್ಲ, ಸಾಲುಗಣ್ಣು ತೆಗೆಯಲಿಲ್ಲ, ಬಟನ್ ಮಾತ್ರ ತೆರೆಯುತ್ತೇವೆ ಎಂದರು.

ನಮ್ಮ ಪ್ರತಿ ಕಂಬದಲ್ಲೂ ಮೊಣಕೈ ಎತ್ತರಕ್ಕೆ ಒಂದು ದುಂಡನೆಯ ತಗಡು ಇದೆ. ಕಂಬದ್ದೇ ಬಣ್ಣ ಬಳಿದದ್ದು. ಅದು ಕಂಬದ ಭಾಗವೆಂದೇ ತಿಳಿದು ನಾವು ಅದರ ತಿರುಪಿಗೆ ನೀರಿನ ಬಾಟಲಿ ನೇತುಹಾಕುತ್ತಿದ್ದೆವು. ಸಾಹೇಬರು ನಾಲ್ಕು ತಿರುಪು ಬಿಚ್ಚಿದರು. ಒಳಗೆ ಅಂಗೈಯಗಲದ ಕೆಂಪು ಗುಂಡಿ ಹಾಗೆಯೇ ಕುಳಿತಿತ್ತು. ತಂತಿ ಬಿಚ್ಚಿದ್ದರು, ಅಷ್ಟೇ. ಇಪ್ಪತ್ತಾರು ವರ್ಷ ನನ್ನ ಬಲ ಮೊಣಕೈ ಆ ತಗಡಿಗೆ ಉಜ್ಜುತ್ತಿತ್ತು. ಹುಸೇನಬಿಯ ತಲೆ ನನ್ನ ಎಡಕ್ಕಿತ್ತು, ಅದು ಬಲಕ್ಕಿತ್ತು. ನಾನು ಅಲ್ಲಿಯೇ ನೆಲದ ಮೇಲೆ ಕುಳಿತುಬಿಟ್ಟೆ. ನಸೀಮಾ ಪಕ್ಕದಲ್ಲಿ ಬಂದು ಕುಳಿತಳು. ಕ್ಷಮಿಸಿದಳೆಂದು ಹೇಳಲಾರೆ. ಪಕ್ಕದಲ್ಲಿ ಕುಳಿತಳು.

ತಂತಿ ಕೂಡಿಸಿದ ಮೂರನೇ ದಿನ ಚಂದಮ್ಮನೆಂಬ ಹೊಸಬಳಿಗೆ ಕೆಮ್ಮು ಹತ್ತಿ ಉಸಿರು ಸಿಗಲಿಲ್ಲ. ನಾನೇ ಒತ್ತಿದೆ. ಬೆಲ್ಟು ನಿಂತಾಗ ನಮ್ಮಲ್ಲಿ ಕೆಲವರು ಹೆದರಿ ಎದ್ದುನಿಂತರು. ಗಂಟೆ ಹೊಡೆಯದೆ, ಕೆಲಸದ ನಡುವೆ ಆ ಶೆಡ್ಡಿನ ಮೌನವನ್ನು ನಾವು ಯಾರೂ ಕೇಳಿರಲಿಲ್ಲ. ಅವಳಿಗೆ ನೀರು ಕುಡಿಸಿ, ಹೊರಗೆ ಗಾಳಿಗೆ ಕೂರಿಸಿ ಬಂದೆವು. ನಾಲ್ಕು ನಿಮಿಷ ಹಿಡಿಯಿತು. ನಾಲ್ಕೇ ನಿಮಿಷ.

ಈಗ ನಿಮ್ಮಲ್ಲಿ ಕೇಳಬೇಕಾದದ್ದು. ಆ ಕಾಗದ ಇನ್ನೂ ನಿಮ್ಮ ಮುಂದೆ ಬಂದಿಲ್ಲದಿರಬಹುದು. ಬರುತ್ತದೆ. ತುಂಬ ಸೆಕೆಯ ದಿನ ಬರುತ್ತದೆ, ಮೂರ್ಛೆ ಹೋದ ಗೆಳತಿಗೆ ನೀವು ಗಾಳಿ ಬೀಸುತ್ತಿರುವಾಗ ಬರುತ್ತದೆ. ಸಹಿ ಹಾಕಿದ ಏಳು ಜನರ ಮೇಲೆ ನನಗೆ ಸಿಟ್ಟಿಲ್ಲ. ಆ ಬಿಸಿಲು ಎಂಥದೆಂದು ನನಗೂ ಗೊತ್ತು. ಸಾಧ್ಯವಾದರೆ ಹಾಕಬೇಡಿ. ಹಾಕಲೇಬೇಕಾಗಿ ಬಂದರೆ, ಆರು ತಿಂಗಳು ಮುಗಿಯುವ ತಾರೀಖನ್ನು ಮನೆಯ ಗೋಡೆಯ ಮೇಲೆ ಬರೆದಿಡಿ, ಹೊಸದಾಗಿ ಕೆಲಸಕ್ಕೆ ಸೇರಿದ ಪ್ರತಿ ಹುಡುಗಿಗೂ ಬಾಯಿಪಾಠ ಮಾಡಿಸಿ. ಆ ದಿನ ಬೆಳಿಗ್ಗೆ ಸಾಹೇಬರ ಕೋಣೆಗೆ ಹೋಗಿ ಕೇಳಿ. ಒಬ್ಬರೇ ಹೋಗಬೇಡಿ.

ನಿಮ್ಮ
ಜಗದೇವಿ
ಬಿಡಿಸುವ ಸಾಲು, ಹದಿನೇಳನೇ ಜೋಡಿ