ಸಿಂಗಾರಿ ಕೆರೆಗಿಳಿದ ವರ್ಷ

ಕಲ್ಲುತೂಬಿನ ಕೆರೆ ಬಳಗ
ಮರಳಿಕೆಯ ನೂರ ನಲವತ್ತನೇ ವರ್ಷ, ಕೆಸರು ತಿಂಗಳು, ಹುಣ್ಣಿಮೆಯ ಮಾರನೇ ದಿನ
(ನಿಮ್ಮ ಕ್ಯಾಲೆಂಡರಿನಲ್ಲಿ 2231ರ ಮೇ ತಿಂಗಳು, ಅಷ್ಟು ದೂರದ ಹಾಳೆ ಅದರಲ್ಲಿದ್ದರೆ)

ಸುಗುಣಜ್ಜಿಗೆ ಅಕ್ಕಯ್ಯಮ್ಮ ಮಾಡುವ ನಮಸ್ಕಾರಗಳು.

ನಿನ್ನನ್ನು ಅಜ್ಜಿ ಎಂದು ಬರೆಯುವಾಗ ನನಗೇ ನಗು ಬರುತ್ತದೆ. ಮನೆಯಲ್ಲಿ ಉಳಿದಿರುವ ನಿನ್ನ ಒಂದೇ ಒಂದು ಫೋಟೋದಲ್ಲಿ ನಿನಗೆ ಇಪ್ಪತ್ತೈದು ತುಂಬಿದ ಹಾಗೆ ಕಾಣುವುದಿಲ್ಲ. ನನಗೋ ಎಪ್ಪತ್ತು ದಾಟಿ, ಮಂಡಿ ಹಿಡಿದುಕೊಂಡಿದೆ. ಆದರೂ ನನ್ನ ಮುತ್ತಜ್ಜಿಗೆ ನೀನು ಮುತ್ತಜ್ಜಿ, ಆದ್ದರಿಂದ ಕಾಗದದ ಮೇಲಾದರೂ ಮರ್ಯಾದೆ ಕೊಡಬೇಕು. ನನ್ನ ಮಾತುಗಳು ವಿಚಿತ್ರ ಎನಿಸಿದರೆ ಮನ್ನಿಸು. ನಿಮ್ಮ ಕಾಲದ ಎಷ್ಟೋ ಪದಗಳು ನಮ್ಮಲ್ಲಿ ಉದುರಿ ಹೋಗಿವೆ, ನಿಮಗೆ ಬೇಕಾಗದಿದ್ದ ಕೆಲವು ಹುಟ್ಟಿಕೊಂಡಿವೆ. ‘ಕಸ’ ಎಂದರೇನು ಎಂದು ನನ್ನ ಮೊಮ್ಮಗಳು ಚಿಗುರಿಗೆ ತಿಳಿಸಿ ಹೇಳಲು ಹೋಗಿ ನಾನು ಸೋತೆ. ಯಾರಿಗೂ ಬೇಡವಾದದ್ದು ಎಂದೆ. “ಯಾರ್‍ಗೂ ಬೇಡ್ವಾ? ಎರೆಹುಳಕ್ಕೂ ಬೇಡ್ವಾ ಅಜ್ಜಿ?” ಎಂದು ಕೇಳಿದಳು. 

ಈ ಓಲೆ ಬರೆಯಲು ಚಿಗುರಿಯೇ ಕಾರಣ. ಅವಳ ಮೊದಲ ಹಾಲುಹಲ್ಲು ಮೊನ್ನೆ ಬಿತ್ತು. ಮಗುವಿನ ಮೊದಲ ಹಲ್ಲು ಬಿದ್ದಾಗ ಮನೆಯ ಹಿರಿಯರು ಹಿಂದೆ ಬಾಳಿದ ಒಬ್ಬರಿಗೆ ನಾಲ್ಕು ಮಾತು ಬರೆದು, ಹಲ್ಲನ್ನು ಆ ಕಾಗದದಲ್ಲೇ ಸುತ್ತಿ ಹೊಲದಲ್ಲಿ ಹೂಳುವುದು ನಮ್ಮ ಪದ್ಧತಿ. ಇದಕ್ಕೆ ಹಲ್ಲೋಲೆ ಎನ್ನುತ್ತೇವೆ. ನೀವು ಹಲ್ಲನ್ನು ಸಗಣಿ ಉಂಡೆಯಲ್ಲಿಟ್ಟು ಮನೆಯ ಮೇಲೆ ಎಸೆಯುತ್ತಿದ್ದಿರಂತೆ. ಸಗಣಿ ಸರಿಯೇ, ಮನೆಯ ಮೇಲೆ ಯಾಕೆ ಎಂದು ಮಾತ್ರ ನಮಗೆ ಇವತ್ತಿಗೂ ತಿಳಿದಿಲ್ಲ.

ಫೋಟೋದಲ್ಲಿ ನೀನು ಸ್ಕೂಟರಿನ ಮೇಲೆ ಕೂತಿದ್ದೀಯ. ಹಿಂದೆ ಇದೇ ಕಲ್ಲುತೂಬಿನ ಕೆರೆ. ಕೋಡಿಯಲ್ಲಿ ಎದ್ದ ನೊರೆ ರಸ್ತೆಗೆ ಹಾರಿ ನಿನ್ನ ತಲೆಯ ಮೇಲೆ ಕುಳಿತಿದೆ, ನೀನು ಕಣ್ಣು ಮುಚ್ಚಿಕೊಂಡು ನಗುತ್ತಿದ್ದೀಯ. ಚಿಕ್ಕವಳಿದ್ದಾಗ ನಾನು ಅದನ್ನು ಮಲ್ಲಿಗೆ ದಂಡೆ ಎಂದುಕೊಂಡಿದ್ದೆ. ಊರಿನ ಬಟ್ಟೆ ಒಗೆದ ಸೋಪಿನ ನೀರು, ಬಚ್ಚಲ ನೀರು, ಪಾಯಿಖಾನೆ ನೀರು ಎಲ್ಲ ಸೇರಿ ಎದ್ದ ನೊರೆ ಅದು ಎಂದು ಆಮೇಲೆ ಶಾಲೆಯಲ್ಲಿ ಕಲಿತೆ. ಆ ನೀರಿನಲ್ಲಿ ರಂಜಕವಿತ್ತು. ಪೈರಿಗೂ ಎಲುಬಿಗೂ ಹಲ್ಲಿಗೂ ಅದಿಲ್ಲದೆ ನಡೆಯದು. ನೀವು ಅದನ್ನು ದೂರದ ದೇಶಗಳ ಬಂಡೆ ಅಗೆದು ತರಿಸಿ, ಗೊಬ್ಬರ ಮಾಡಿ ಹೊಲಕ್ಕೆ ಹಾಕಿ, ಬೆಳೆದು ಉಂಡು, ಕೆರೆಗೆ ಬಿಟ್ಟು, ಮತ್ತೆ ಬಂಡೆ ಅಗೆಯಲು ಹೋಗುತ್ತಿದ್ದಿರಿ. ಹೊಲ ಹಸಿದುಕೊಂಡಿತ್ತು, ಕೆರೆ ಅಜೀರ್ಣದಿಂದ ನರಳುತ್ತಿತ್ತು. ನಾನು ಬೈಯುತ್ತಿಲ್ಲ ಅಜ್ಜಿ. ಯಾಕೆ ಬೈಯುವುದಿಲ್ಲ ಎಂದು ಮುಂದೆ ತಿಳಿಯುತ್ತದೆ.

ಬಂಡೆ ಮುಗಿಯುತ್ತ ಬಂದಾಗ ಮರಳಿಕೆ ಶುರುವಾಯಿತು. ನೆಲದಿಂದ ಬಂದದ್ದು ನೆಲಕ್ಕೇ ಹೋಗಬೇಕು ಎಂಬ ಕಟ್ಟಳೆ ಅದು, ಈಗ ಅದೇ ನಮ್ಮ ಶಕೆ. ನೀವು ಪಾಯಿಖಾನೆ ಎನ್ನುತ್ತಿದ್ದುದು ನಮಗೆ ಮರಳುಮನೆ. ಅಲ್ಲಿ ಸೇರುವ ಮೂತ್ರಕ್ಕೆ ಹೊನ್ನೀರು ಎಂದು ಹೆಸರು. ಮೂಗು ಮುರಿಯಬೇಡ. ಬೆಳಿಗ್ಗೆ ಹೊನ್ನೀರಿನ ಗಾಡಿ ಗಂಟೆ ಬಾರಿಸಿಕೊಂಡು ಬರುತ್ತದೆ, ನಿಮ್ಮಲ್ಲಿ ಹಾಲಿನವನು ಬರುತ್ತಿದ್ದ ಹಾಗೆ, ಆದರೆ ನಾವೇ ಕೊಡುವವರು. ಅದನ್ನು ಹದವಾಗಿ ನೀರು ಬೆರೆಸಿ ರಾಗಿಗೂ ಸೊಪ್ಪಿಗೂ ಬಿಡುತ್ತಾರೆ. ಊಟಕ್ಕೆ ಬಂದ ನೆಂಟರು ಮರಳುಮನೆಗೆ ಹೋಗದೆ ಹೊರಟರೆ ನಮ್ಮಲ್ಲಿ ಅದು ದೊಡ್ಡ ಅವಮರ್ಯಾದೆ. ನನ್ನ ಬೀಗಿತ್ತಿ ಒಮ್ಮೆ ಎರಡು ಮುದ್ದೆ, ಬಸ್ಸಾರು, ಮೇಲೆ ಒಂದು ಚೊಂಬು ಮಜ್ಜಿಗೆ ಮುಗಿಸಿ, ಎಲ್ಲವನ್ನೂ ಹೊಟ್ಟೆಯಲ್ಲಿಟ್ಟುಕೊಂಡು ತನ್ನ ಊರಿಗೆ ನಡೆದುಬಿಟ್ಟಳು. ಇವತ್ತಿಗೂ ನಾನು ಅವಳ ಮುಂದೆ ಆ ಮಾತು ತೆಗೆದರೆ ಮುಖ ಊದಿಸಿಕೊಳ್ಳುತ್ತಾಳೆ. ಇನ್ನು ಕೆಸರು ತಿಂಗಳು ಬಂದರೆ ಇಡೀ ಬಳಗ, ಅಂದರೆ ಕೆರೆಯನ್ನು ನಂಬಿ ಸುತ್ತ ಬಾಳುವ ಮನೆಗಳೆಲ್ಲ, ಕೆರೆಯ ಗೋಡು ಎತ್ತುತ್ತೇವೆ. ನಿಮ್ಮ ಕಾಲದ ನೊರೆಯೆಲ್ಲ ಕೊನೆಗೆ ತಳ ಸೇರಿ ಕಪ್ಪಗೆ ಕುಳಿತಿತ್ತಲ್ಲ, ಅದೇ ಗೋಡು ನಮ್ಮ ರಾಗಿ ಹೊಲಗಳನ್ನು ಬದುಕಿಸಿತು. ಹುಡುಗರು ಮೈಗೆಲ್ಲ ಬಳಿದುಕೊಂಡು ಬಂದರೆ ತಾಯಂದಿರು ಅವರನ್ನು ಹೊಲದಲ್ಲೇ ನಿಲ್ಲಿಸಿ ತೊಳೆಯುತ್ತಾರೆ.

ಆದರೆ ಕಲ್ಲುತೂಬಿನವರು ಅತಿ ಬುದ್ಧಿವಂತರು. ಗೋಡನ್ನು ವರ್ಷವರ್ಷವೂ ಎತ್ತಿ ಎತ್ತಿ ತಳದ ಕಲ್ಲು ಕಾಣಿಸಿದೆವು. ಮೇಲಿನಿಂದ ಒಂದು ಹಿಡಿ ಸಗಣಿಯೂ ನೀರಿಗೆ ಬೀಳದಂತೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆವು. ದನ ಎಮ್ಮೆಗಳು ಕೆರೆಗಿಳಿಯಬಾರದು ಎಂದು ಬೇಲಿ ಹಾಕಿದೆವು. ನೀರು ಗಾಜಿನಂತಾಯಿತು. ಬೇರೆ ಕೆರೆಯವರು ನೋಡಲು ಬಂದರೆ ನಾವು ಎದೆ ಸೆಟೆಸಿ ನಿಲ್ಲುತ್ತಿದ್ದೆವು. ಆದರೆ ಮೀನಿನ ಮರಿ ತಂದು ಬಿಟ್ಟರೆ ಕಡ್ಡಿಯಂತಾಗಿ ಸಾಯುತ್ತಿದ್ದವು. ಕೊಕ್ಕರೆ ಬಂದು ಒಂದು ಸುತ್ತು ನೋಡಿ ಹೊರಟುಹೋಗುತ್ತಿತ್ತು.

ಮೀನು ಸಾಕಲಾರದ ಕೆರೆ ಮನುಷ್ಯರನ್ನೂ ಸಾಕಲಾರದು ಎಂಬುದು ಈಗಿನ ಕಾನೂನು. ಅಂಥ ಕೆರೆಯ ಬಳಗವನ್ನು ಒಡೆದು, ಮನೆಗಳನ್ನು ಬೇರೆ ಬೇರೆ ಕೆರೆಗಳಿಗೆ ಹಂಚಿಬಿಡುತ್ತಾರೆ. ಬೆಳೆದ ಮೀನು ತೋರಿಸಲು ಈ ಕೆಸರು ತಿಂಗಳ ಹುಣ್ಣಿಮೆಯೇ ನಮಗೆ ಕೊನೆಯ ಗಡುವಾಗಿತ್ತು. ನಿನ್ನ ಕಾಲದಿಂದ ಈ ದಂಡೆ ಬಿಡದ ಮನೆ ನಮ್ಮದೊಂದೇ. ಇಲ್ಲಿಂದ ಏಳಬೇಕಾಗುತ್ತದೆ ಎಂದು ನೆನೆದರೆ ನನಗೆ ಅನ್ನ ಇಳಿಯುತ್ತಿರಲಿಲ್ಲ.

ಹೀಗಿರುವಾಗ ಹೋದ ಚಳಿಗಾಲದಲ್ಲಿ ನಮ್ಮ ಎಮ್ಮೆ ಸಿಂಗಾರಿ ಬೇಲಿ ಮುರಿದು ಕೆರೆಗಿಳಿದಳು. ಹೊಲದಲ್ಲಿ ಹೊಟ್ಟೆ ಬಿರಿಯ ಮೇಯ್ದು ಬಂದಿದ್ದಳು. ಸಂಜೆಯವರೆಗೂ ಮೂಗೊಂದನ್ನು ಮೇಲಿಟ್ಟುಕೊಂಡು ಕೂತಳು, ಎಮ್ಮೆ ನೀರಿನಲ್ಲಿ ಏನೇನು ಮಾಡುತ್ತದೋ ಅದನ್ನೆಲ್ಲ ಮಾಡಿದಳು. ಬಳಗವೆಲ್ಲ ಸೇರಿ ನನ್ನ ಮೇಲೆ ಹರಿಹಾಯ್ದರು. ಹೊಲಕ್ಕೆ ಸಲ್ಲಬೇಕಾದದ್ದನ್ನು ನೀರುಪಾಲು ಮಾಡಿದಳು ಎಂದರು. ನಾನೂ ಸುಮ್ಮನಿರಲಿಲ್ಲ, ಎಮ್ಮೆಗೆ ಕಾನೂನು ಓದಲು ಬರುವುದಿಲ್ಲ ಎಂದು ಜಗಳ ಕಾದೆ. ಆದರೆ ಕೆಲವು ದಿನಗಳಲ್ಲಿ, ಅವಳು ಕೂತಿದ್ದ ಮೂಲೆಯ ನೀರು ಎಳೆ ಹಸಿರಾಯಿತು. ಹಸಿರಿನಲ್ಲಿ ಕಣ್ಣಿಗೆ ಕಂಡೂ ಕಾಣದ ಹುಳಗಳು ಕುಣಿದವು. ಉಳಿದಿದ್ದ ನಾಲ್ಕಾರು ಬಡಕಲು ಗೆಂಡೆ ಮೀನುಗಳು ಅಲ್ಲೇ ಬಂದು ಸೇರಿದವು. ನಮ್ಮ ಕೆರೆಯೋದುಗ ಪಿಳ್ಳಪ್ಪ, ನೀರನ್ನು ಪರೀಕ್ಷಿಸಿ ಲೆಕ್ಕ ಇಡುವುದೇ ಅವನ ಉದ್ಯೋಗ, ದಂಡೆಯಲ್ಲಿ ಕುಕ್ಕರಗಾಲಿನಲ್ಲಿ ಕೂತು ಬಹಳ ಹೊತ್ತು ನೋಡಿದ. ಆಮೇಲೆ ತಲೆಯ ಮೇಲೆ ಕೈ ಹೊತ್ತು, “ಅಕ್ಕಯ್ಯಮ್ಮ, ನಾವು ಕೆರೆನ ಉಪಾಸ ಕೆಡವಿದ್ದೀವಿ ಕಣಮ್ಮ” ಎಂದ.

ಎಲ್ಲರಿಗೂ ಮರಳಿ ಕೊಡುವುದನ್ನು ಕಲಿತ ನಾವು ಕೆರೆಯಿಂದ ಬರೀ ತೆಗೆದುಕೊಂಡಿದ್ದೆವು ಅಜ್ಜಿ. ನೀವು ಅದರ ಬಾಯಿಗೆ ತುರುಕಿ ಉಸಿರು ಕಟ್ಟಿಸಿದಿರಿ, ನಾವು ತಟ್ಟೆ ಕಿತ್ತುಕೊಂಡೆವು. ಬೇಲಿಗೆ ಬಾಗಿಲು ಇಟ್ಟಿದ್ದಾಯಿತು. ಈಗ ಎಮ್ಮೆಪಾಳಿ ನಡೆಯುತ್ತದೆ. ನೀರು ಎಷ್ಟು ಹಸಿರಾಗಬಹುದೆಂದು ಪಿಳ್ಳಪ್ಪ ನೋಡಿ ಹೇಳುತ್ತಾನೆ, ಅಷ್ಟಕ್ಕೆ ತಕ್ಕಷ್ಟೇ ಎಮ್ಮೆಗಳು ಸರದಿಯಂತೆ ಇಳಿಯುತ್ತವೆ. ಯಾರ ಎಮ್ಮೆ ಮೊದಲು ಎಂದು ದಿನಾ ಜಗಳ. ಸಿಂಗಾರಿ ಮಾತ್ರ ಸರದಿ ಕಾಯುವುದಿಲ್ಲ, ಯಾರೂ ಅವಳನ್ನು ಕೇಳುವುದೂ ಇಲ್ಲ.

ನಿನ್ನೆ ಹುಣ್ಣಿಮೆ. ಗಡುವು ಕೊಟ್ಟಿದ್ದ ಮೇಲಿನವರು ಬಂದು ಬಲೆ ಹಾಕಿಸಿದರು. ಬಲೆ ಎಳೆಯುವವರ ಕೈ ಭಾರಕ್ಕೆ ತಡೆದಾಗ ನಾನು ಮಂಡಿ ನೋವು ಮರೆತು ನೀರಿನ ಅಂಚಿಗೆ ಓಡಿದೆ. ಮೇಲೆ ಬಂದದ್ದು ಗೆಂಡೆ, ನನ್ನ ಮೊಳಕೈ ಉದ್ದದ್ದು, ಬೆಳ್ಳಿಯಂತೆ ಹೊಳೆಯುತ್ತ ಒದ್ದಾಡುತ್ತಿತ್ತು. ಬಂದವರು ಬಳಗ ಉಳಿಯಿತು ಎಂದು ಹೇಳುವ ಮೊದಲೇ ನಾನು ಅತ್ತುಬಿಟ್ಟೆ. ರಾತ್ರಿ ಮೀನಿನ ಸಾರು, ಮುದ್ದೆ. ಬಂದವರನ್ನು ಮರಳುಮನೆಗೆ ಕಳಿಸದೆ ಹೊರಡಲು ಬಿಡಲಿಲ್ಲ.

ಇವತ್ತು ಹಲ್ಲೋಲೆ. ಹೊಲಕ್ಕೆ ಹೋಗೋಣ ಬಾ ಎಂದರೆ ಚಿಗುರಿ ಕಾಲು ಕೀಳಲಿಲ್ಲ. “ಹೊಲಕ್ಕೆ ಬೇಡ ಅಜ್ಜಿ, ಕೆರೆಗೆ ಕೊಡೋಣ. ಪಾಪ, ಅದು ಈಗ ತಾನೆ ಉಣ್ಣಕ್ಕೆ ಶುರು ಮಾಡೈತೆ” ಎಂದಳು. ನಾನು ಒಪ್ಪಿದ್ದೇನೆ. ಈ ಕಾಗದ ಮುಗಿದ ಕೂಡಲೇ ಹಲ್ಲನ್ನು ಇದರಲ್ಲಿ ಸುತ್ತಿ, ಕಲ್ಲು ಕಟ್ಟಿ, ಸಿಂಗಾರಿ ಕೂರುವ ಮೂಲೆಯಲ್ಲಿ ಬಿಡುತ್ತೇವೆ.

ನಿನ್ನಲ್ಲಿ ನನ್ನದೊಂದು ಬೇಡಿಕೆ. ಆ ದಿನ ಮನೆಗೆ ಹೋಗಿ ತಲೆಯ ನೊರೆ ತೊಳೆದುಕೊಳ್ಳುತ್ತೀಯಲ್ಲ, ಆಗ ಅಸಹ್ಯಪಡಬೇಡ, ಒಂದು ಗಳಿಗೆ ಅದನ್ನು ಅಂಗೈಯಲ್ಲಿಟ್ಟು ನೋಡು. ಅದರಲ್ಲಿರುವ ರಂಜಕವೇ ಕೆರೆಯ ತಳ ಸೇರಿ, ಗೋಡಾಗಿ, ರಾಗಿಯಾಗಿ, ಮುದ್ದೆಯಾಗಿ ನಮ್ಮನ್ನೆಲ್ಲ ಸಾಕಿತು. ನಿನ್ನ ಅಂಗೈಯಲ್ಲಿರುವುದು ಚಿಗುರಿಯ ಹಲ್ಲು.

ನಿನ್ನ,
ಅಕ್ಕಯ್ಯಮ್ಮ