ಎಡಗಿವಿಯ ಮೇಲೆ

ಅಕ್ಟೋಬರ್ 9, ಬೆಳಿಗ್ಗೆ 6.20

ಐವತ್ತೇಳು ಕಿಲೋ ಮುನ್ನೂರು ಗ್ರಾಂ. ಮುನ್ನೂರು ಹೆಚ್ಚು. ಎಂಟಕ್ಕೆ ತೂಕ ನೋಡುತ್ತಾರೆ. ಮಗಳು ಎರಡು ಸ್ವೆಟರ್ ಮೇಲೆ ರೇನ್‌ಕೋಟ್ ಹಾಕಿಕೊಂಡು ಮೆಟ್ಟಿಲು ಹತ್ತಿ ಇಳಿಯುತ್ತಿದ್ದಾಳೆ. ಈ ಊರಿನಲ್ಲಿ ಮೆಟ್ಟಿಲಿಗೇನು ಬರ — ಬೀದಿ ಅನ್ನಿಸಿಕೊಂಡಿದ್ದೆಲ್ಲ ಮೆಟ್ಟಿಲೇ. ನಿನ್ನೆ ಬಸ್ ಇಳಿದಾಗಿನಿಂದ ನನ್ನ ಮಂಡಿ ಬೈಯುತ್ತಿದೆ. ಹತ್ತು ಹೆಜ್ಜೆ ಇಟ್ಟರೆ ಉಸಿರು ಸಾಲದು. ಬೆಟ್ಟ ನೋಡಲು ಎರಡು ಕಣ್ಣು ಸಾಲದು ಅಂದಿದ್ದರು. ಮಂಜು ಬಿಟ್ಟು ಇನ್ನೂ ಏನೂ ಕಂಡಿಲ್ಲ.

ನೀರು ಕೇಳಿದಳು. ಬಾಯಿ ಮುಕ್ಕಳಿಸಿ ಉಗಿ ಅಂದೆ. ನೀನು ಅಮ್ಮನೋ ಜೈಲರೋ ಅಂದಳು. ಹತ್ತು ಸಲ ಜಾಸ್ತಿ ಹತ್ತಿಸಿದೆ.

ಇಲ್ಲಿ ಬಾಕ್ಸಿಂಗ್‌ನಲ್ಲಿ ಚಿನ್ನ ಗೆದ್ದರೆ ಅಗ್ನಿಶಾಮಕ ದಳದಲ್ಲಿ ಕೆಲಸ. ಚಿನ್ನಕ್ಕೆ ಮಾತ್ರ. ಬೆಳ್ಳಿ ತಂದವರ ಕೈಕುಲುಕಿ ಮನೆಗೆ ಕಳಿಸುತ್ತಾರೆ. ಬರುವ ವರ್ಷ ಇವಳ ವಯಸ್ಸು ದಾಟುತ್ತದೆ. ಆಮೇಲೆ ನನ್ನ ಹಾಗೇ ವ್ಯಾನಿನ ಸೀಟುಗಳಿಗೆ ರೆಕ್ಸಿನ್ ಹೊಲಿಯುತ್ತಾ ಕೂರಬೇಕು. ಅದು ಆಗಕೂಡದು. ನಾನು ಬದುಕಿರುವಾಗಂತೂ ಆಗಕೂಡದು.

ಅದೇ ದಿನ, ಸಂಜೆ

ತೂಕ ಸರಿಹೋಯಿತು. ಕೊನೆಯ ಇಪ್ಪತ್ತು ಗ್ರಾಮಿಗೆ ಜಡೆ ಕತ್ತರಿಸಬೇಕಾಯಿತು. ಅಳಲಿಲ್ಲ. ಕತ್ತರಿ ಮೊಂಡು ಅಂತ ಬೈದಳು.

ಸ್ಕೂಲಿನ ಒಂದು ಕ್ಲಾಸ್‌ರೂಮ್ ಕೊಟ್ಟಿದ್ದಾರೆ. ಬೆಂಚುಗಳನ್ನು ಮೂಲೆಗೆ ಒಟ್ಟಿ ನಾಲ್ಕು ಮಂಚ. ಇನ್ನೆರಡರಲ್ಲಿ ಬೇರೆ ಊರಿನ ಇನ್ನೊಬ್ಬ ತಾಯಿ, ಮಗಳು. ಆ ಹುಡುಗಿಯದೂ ಇದೇ ತೂಕ, ಆದರೆ ಪಂದ್ಯಗಳ ಪಟ್ಟಿಯಲ್ಲಿ ಆ ತುದಿ. ಎದುರುಬದುರಾದರೆ ಫೈನಲ್‌ನಲ್ಲೇ. ತಾಯಿಗೆ ಯಾವುದೋ ಹೋಟೆಲಿನ ಲಾಂಡ್ರಿಯಲ್ಲಿ ಕೆಲಸ. ಬೆರಳೆಲ್ಲ ಬೆಂದ ಹಾಗೆ ಬೆಳ್ಳಗಾಗಿವೆ.

ನಿಮಗೂ ಕೋಚ್ ಇಲ್ವಾ ಅಂತ ಕೇಳಿದಳು. ಇದ್ದ, ಕೈ ಎಲ್ಲೆಲ್ಲಿಗೋ ಹೋಗುತ್ತಿತ್ತು, ಅಂಗೈಗೆ ದಬ್ಬಳ ಇಳಿಸಿದೆ, ಆಮೇಲೆ ಕೋಚ್‌ಗಳ ಹತ್ತು ದಿನದ ತರಬೇತಿ ಮುಗಿಸಿ ನಾನೇ ಮಗಳ ಜೊತೆ ನಿಲ್ಲುತ್ತಿದ್ದೇನೆ ಅಂದೆ. ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳದೂ ಅದೇ ತರಬೇತಿ. ನನ್ನ ಮಗಳ ಜೆರ್ಸಿಯನ್ನೂ ಒಗೆದು, ಬಿಸಿನೀರಿನ ಪಾತ್ರೆಯ ತಳದಲ್ಲಿ ಇಸ್ತ್ರಿ ಮಾಡಿಕೊಟ್ಟಳು. ಮಾತಿಗೊಮ್ಮೆ ಅಕ್ಕ. ಇಷ್ಟು ಒಳ್ಳೆಯವರ ಜೊತೆ ಹೇಗಿರಬೇಕೋ ನನಗೆ ಗೊತ್ತಿಲ್ಲ.

ಅಕ್ಟೋಬರ್ 10, ಮಧ್ಯಾಹ್ನ 2

ಮೊದಲ ಪಂದ್ಯ ನಮ್ಮದು. ಎರಡನೇ ರೌಂಡಿನಲ್ಲಿ ಎದುರಿನವಳ ಮೂಗು ಮುರಿಯಿತು. ಸದ್ದು ನನಗೇ ಕೇಳಿಸಿತು, ಒಣಕಡ್ಡಿ ಮುರಿದ ಹಾಗೆ. ಬಿಳಿ ಹಗ್ಗದ ಮೇಲೆ ರಕ್ತ. ಅವಳು ಬಾಯಲ್ಲಿ ಉಸಿರಾಡುತ್ತಾ ಮತ್ತೆ ಬಂದಳು. ನನ್ನವಳು ಅಲ್ಲಿಗೇ ಇನ್ನೊಂದು ಕೊಟ್ಟಳು. ರೆಫರಿ ನಿಲ್ಲಿಸಿದ.

ಮಗಳಿಗೆ ಅವರಪ್ಪನ ಕೈ ಬಂದಿದೆ. ಅವನ ಕೈ ಹೇಗಿತ್ತೆಂದು ನನ್ನ ದವಡೆಗೆ ಗೊತ್ತು. ಅದೇ ಏಟು ಇನ್ನೊಬ್ಬರಿಗೆ ಬೀಳುವಾಗ ಮೈಯೆಲ್ಲ ಬೆಚ್ಚಗಾಗುತ್ತದೆ. ನಾಚಿಕೆ ಆಗಬೇಕು. ಆಗುವುದಿಲ್ಲ.

ಲಾಂಡ್ರಿಯವಳ ಮಗಳೂ ಗೆದ್ದಳು. ತುಂಬಾ ಚುರುಕು, ಕಾಲು ನೆಲಕ್ಕೆ ತಾಗುವುದೇ ಇಲ್ಲ. ಕೊನೆಯಲ್ಲಿ ಮಾತ್ರ ಎಡಗಿವಿಯ ಮೇಲೆ ಜೋರಾಗಿ ಏಟು ತಿಂದು ಬಿದ್ದಳು. ಎದ್ದು ನಿಂತು ಮುಗಿಸಿದಳು.

ಅಕ್ಟೋಬರ್ 12, ಬೆಳಿಗ್ಗೆ 7.30

ನಿನ್ನೆ ಸೆಮಿಫೈನಲ್. ಇಬ್ಬರೂ ಗೆದ್ದರು. ನಾಳೆ ಎದುರುಬದುರು. ರೂಮಿನಲ್ಲಿ ಎಲ್ಲರೂ ಬಹಳ ಮರ್ಯಾದೆಯಿಂದ ನಡೆದುಕೊಳ್ಳುತ್ತಿದ್ದೇವೆ.

ಬಚ್ಚಲಿಗೆ ಹೋದೆ. ಆ ಹುಡುಗಿ ಗೋಡೆ ಹಿಡಿದು ವಾಂತಿ ಮಾಡುತ್ತಿದ್ದಳು. ಕಿಟಕಿಯ ಬೆಳಕಿಗೆ ಕಣ್ಣು ಬಿಡಲು ಆಗುತ್ತಿಲ್ಲ. ತಾಯಿ ಎಡಗಿವಿಯ ಮೇಲೆ ಒದ್ದೆ ಬಟ್ಟೆ ಒತ್ತಿ ಹಿಡಿದಿದ್ದಳು. ಮೊನ್ನೆಯಿಂದ ಹೀಗೇ ಅಂತೆ.

ಇದು ನನಗೆ ಗೊತ್ತಿರುವ ಕಾಯಿಲೆ. ಎರಡು ವರ್ಷದ ಹಿಂದೆ ನನ್ನವಳಿಗೂ ಆಗಿತ್ತು. ಮಿದುಳಿಗೆ ಪೆಟ್ಟು. ಮೂರು ತಿಂಗಳು ಮನೆಯಲ್ಲಿ ಕೂರಿಸಿದ್ದರು. ಅದು ಮಾಗುವ ಮೊದಲು ತಲೆಗೆ ಇನ್ನೊಂದು ಬಿದ್ದರೆ ಪ್ರಾಣಕ್ಕೇ ಕುತ್ತು ಅಂತ ಡಾಕ್ಟರ್ ಮೂರು ಸಲ ಹೇಳಿದ್ದರು.

ಲಾಂಡ್ರಿಯವಳು ನನ್ನ ಎರಡೂ ಕೈ ಹಿಡಿದುಕೊಂಡಳು. "ಯಾರಿಗೂ ಹೇಳ್ಬೇಡಿ ಅಕ್ಕ. ಇವ್ಳಿಗೂ ಇದೇ ಕೊನೇ ವರ್ಷ."

"ನಾನ್ಯಾಕೆ ಹೇಳ್ಲಿ," ಅಂದೆ.

ಇಲ್ಲಿ ಯಾರಿಗೆ ಸುಳ್ಳು ಹೇಳಬೇಕು? ನಿಜ ಬರೆಯುತ್ತೇನೆ. ಹೇಳಿದರೆ ಆ ಹುಡುಗಿಯನ್ನು ಇಳಿಸುವುದಿಲ್ಲ, ಚಿನ್ನ ಬಿಟ್ಟಿ ಬರುತ್ತದೆ. ಬಿಟ್ಟಿ ಬಂದ ಚಿನ್ನವನ್ನು ದಳದವರು ಒಪ್ಪುವುದಿಲ್ಲ. ಆಡಿಯೇ ಗೆದ್ದಿರಬೇಕು ಅಂತ ನಿಯಮ. ಆ ಹುಡುಗಿ ನಾಳೆ ರಿಂಗಿಗೆ ಇಳಿಯುವುದು ನನಗೆ ಬೇಕು. ಅದಕ್ಕೇ ಬಾಯಿ ಮುಚ್ಚಿಕೊಂಡೆ. ಅವಳು ನನ್ನನ್ನು ದೇವರು ಅಂದಳು.

ಅಕ್ಟೋಬರ್ 13, ಮಧ್ಯಾಹ್ನ 2.50. ಆಸ್ಪತ್ರೆಯ ವರಾಂಡ

ಗೆದ್ದೆವು.

ಮಗಳ ಹುಬ್ಬಿಗೆ ನಾಲ್ಕು ಹೊಲಿಗೆ. ನಾನಾಗಿದ್ದರೆ ಇನ್ನೂ ನೀಟಾಗಿ ಹಾಕುತ್ತಿದ್ದೆ.

ಮೊದಲ ರೌಂಡ್ ಹೋಯಿತು. ಆ ಹುಡುಗಿ ಅಂಥ ತಲೆ ಇಟ್ಟುಕೊಂಡು ಹೇಗೆ ಆಡಿದಳೋ. ನನ್ನವಳ ಏಟೆಲ್ಲ ಗಾಳಿಗೆ. ಎರಡನೆಯದು ಸಮಸಮ. ಹುಬ್ಬು ಒಡೆದು ಕಣ್ಣಿಗೆ ರಕ್ತ ಇಳಿಯುತ್ತಿತ್ತು. ಸ್ಟೂಲ್ ಮೇಲೆ ಕೂರಿಸಿ ಹತ್ತಿ ಒತ್ತಿದೆ. ಒಂದೇ ನಿಮಿಷ ಸಿಗುವುದು. ಅವಳು ಏದುಸಿರು ಬಿಡುತ್ತಾ, "ಆಗ್ತಿಲ್ಲಮ್ಮ, ಸಿಗ್ತಾನೇ ಇಲ್ಲ ಅವ್ಳು," ಅಂದಳು.

ಕಿವಿಯ ಹತ್ತಿರ ಬಾಯಿ ಇಟ್ಟು ಹೇಳಿದೆ. "ಎಡಗಿವಿ ಮೇಲೆ ಹೊಡಿ. ಬೇರೆಲ್ಲೂ ಬೇಡ. ಅಲ್ಲಿಗೇ ಹೊಡಿ."

ಹೇಳಿದ ಮಾತು ಕೇಳುವ ಮಗಳು. ಒಂದು ಕೊಟ್ಟಳು. ಆ ಹುಡುಗಿಯ ಕಾಲಿನಲ್ಲಿದ್ದ ಚುರುಕೆಲ್ಲ ಹೋಯಿತು. ಕೈ ಇಳಿಯಿತು. ಎರಡು. ಆ ಕಡೆ ಮೂಲೆಯಲ್ಲಿ ಲಾಂಡ್ರಿಯವಳು ಟವೆಲ್ ಹಿಂಡುತ್ತಾ ನಿಂತಿದ್ದಳು, ಎಸೆದು ಪಂದ್ಯ ನಿಲ್ಲಿಸಲಿಲ್ಲ. ನನ್ನ ಕಡೆ ನೋಡಿದಳು. ನಾನು ಕಿರುಚಿದೆ, ಅಲ್ಲೇ ಅಂತ. ಮೂರನೆಯದಕ್ಕೆ ಹುಡುಗಿ ಮಂಡಿ ಊರದೆ, ಕೈ ಊರದೆ, ನೇರ ಮುಖದ ಮೇಲೆ ಬಿದ್ದಳು. ಹಲಗೆ ಧಡ್ ಅಂದಿತು. ಚಪ್ಪಾಳೆ ಅರ್ಧಕ್ಕೇ ನಿಂತಿತು.

ಎರಡು ನಿಮಿಷಕ್ಕೆ ಎಚ್ಚರವಾಯಿತು. ಸ್ಟ್ರೆಚರ್ ಮೇಲೆ ತಂದಿದ್ದಾರೆ.

ಮಗಳು ಕೇಳಿದಳು, ಎಡಗಿವಿ ಅಂತ ನಿನಗೆ ಹೇಗೆ ಗೊತ್ತಾಯಿತು. ಆ ಕಡೆ ಕೈ ಇಳಿಸುತ್ತಿದ್ದಳು, ನೋಡಿದೆ ಅಂದೆ. ಒಳ್ಳೆಯ ಕಣ್ಣು ನಿನ್ನದು ಅಂದಳು. ನಾಲ್ಕಕ್ಕೆ ಬಹುಮಾನ ಕೊಡುತ್ತಾರೆ, ಅವಳೊಬ್ಬಳೇ ಹಾಲ್‌ಗೆ ಹೋದಳು. ನನಗೆ ಮೆಟ್ಟಿಲು ಹತ್ತಲಾಗುವುದಿಲ್ಲ ಅಂತ ನೆಪ ಹೇಳಿದೆ.

3.15

ಈ ಆಸ್ಪತ್ರೆಗೆ ಒಬ್ಬರೇ ಡಾಕ್ಟರ್. ಸ್ಕ್ಯಾನಿಂಗ್ ಮೆಷಿನ್ ಇಲ್ಲ, ಅದಕ್ಕೆ ಬೆಟ್ಟ ಇಳಿಯಬೇಕು, ನಾಲ್ಕು ತಾಸಿನ ದಾರಿ. ಲಾಂಡ್ರಿಯವಳನ್ನು ಕೇಳಿದರು: ಈ ವಾರದಲ್ಲಿ ತಲೆಗೆ ಬೇರೆ ಪೆಟ್ಟು ಬಿದ್ದಿತ್ತಾ, ವಾಂತಿ ಏನಾದರೂ? ಆಗಿದ್ದರೆ ಈಗಲೇ ಆಂಬುಲೆನ್ಸ್‌ನಲ್ಲಿ ಕಳಿಸಬೇಕು. ಆಗಿಲ್ಲದಿದ್ದರೆ ಒಂದು ತಾಸು ನೋಡಿ ರೂಮಿಗೆ ಹೋಗಬಹುದು.

"ಇಲ್ಲ ಡಾಕ್ಟ್ರೇ," ಅಂದಳು. ಅಂದು ನನ್ನ ಕಡೆ ನೋಡಿದಳು.

ನಾನು ಗೋಡೆ ನೋಡಿದೆ. ಹಲ್ಲುಜ್ಜುವುದು ಹೇಗೆ ಅಂತ ಚಿತ್ರ ಇದೆ.

ಹುಡುಗಿ ಬನ್ ತಿನ್ನುತ್ತಿದ್ದಾಳೆ. ನಗುತ್ತಿದ್ದಾಳೆ. ಕಂಗ್ರಾಟ್ಸ್ ಆಂಟಿ ಅಂದಳು. ಚೆನ್ನಾಗೇ ಇದ್ದಾಳಲ್ಲ. ಚೆನ್ನಾಗಿದ್ದಾಳೆ.

3.40

ಹೇಳಿದರೆ ವಿಚಾರಣೆ ಮಾಡುತ್ತಾರೆ. ನಿಮಗೆ ಯಾವಾಗಿನಿಂದ ಗೊತ್ತಿತ್ತು ಅಂತ ಕೇಳುತ್ತಾರೆ. ಸರ್ಟಿಫಿಕೇಟ್ ತಡೆಹಿಡಿಯುತ್ತಾರೆ. ಇನ್ನು ಇಪ್ಪತ್ತು ನಿಮಿಷ. ಸಹಿ, ಸೀಲು ಬಿದ್ದು ಮಗಳ ಕೈಗೆ ಬರಲಿ. ಆಮೇಲೆ ಹೇಳಿದರಾಯಿತು.

ಬನ್ ಅರ್ಧಕ್ಕೇ ಬಿಟ್ಟಿದ್ದಾಳೆ. ನಿದ್ದೆ ಬರುತ್ತಿದೆ ಅಂತಿದ್ದಾಳೆ.

4.05

ಮಾತು ತೊದಲುತ್ತಿದೆ. ತಾಯಿ ಸುಸ್ತು ಅಂತಿದ್ದಾಳೆ. ಡಾಕ್ಟರ್ ಹೆರಿಗೆ ಕೋಣೆಯಲ್ಲಿದ್ದಾರೆ. ಮಗಳು ಇನ್ನೂ ಬರಲಿಲ್ಲ. ಬೇಗ ಬಾರೇ...

5.30

ನಾಲ್ಕೂಕಾಲಿಗೆ ಬಂದಳು. ಕತ್ತಿನಲ್ಲಿ ಪದಕ, ಕೈಯಲ್ಲಿ ಸರ್ಟಿಫಿಕೇಟ್. ಸಹಿ ನೋಡಿದೆ, ಸೀಲು ನೋಡಿದೆ. ಎದ್ದು ಹೆರಿಗೆ ಕೋಣೆಯ ಬಾಗಿಲು ಬಡಿದು ಎಲ್ಲ ಹೇಳಿದೆ. ಮೊದಲ ಪಂದ್ಯದ ಪೆಟ್ಟು, ವಾಂತಿ, ಬೆಳಕು ಆಗದಿದ್ದದ್ದು. ಎಲ್ಲ ಅಂದರೆ ಅಷ್ಟೇ.

ಡಾಕ್ಟರ್ ಓಡಿದರು. ಲಾಂಡ್ರಿಯವಳು ನನ್ನ ಮೇಲೆ ಬಿದ್ದಳು. ಕೊಟ್ಟ ಮಾತಿಗೆ ತಪ್ಪಿದೆ ಅಂತ ಕೂದಲು ಹಿಡಿದು ಗೋಡೆಗೆ ಬಡಿದಳು. ಬಿಸಿನೀರಿನಲ್ಲಿ ಬೆಂದ ಕೈ, ಏನು ಬಲ. ಒಂದು ಹಲ್ಲು ಅಲ್ಲಾಡುತ್ತಿದೆ. ನನ್ನವಳು ಬಿಡಿಸಲು ಬಂದಳು, ಬೇಡ ಅಂತ ತಳ್ಳಿದೆ. ಇನ್ನೂ ನಾಲ್ಕು ಹೊಡೆದಿದ್ದರೆ ಚೆನ್ನಾಗಿತ್ತು.

ಆಂಬುಲೆನ್ಸ್ ಹೊರಡುವಾಗ ಹುಡುಗಿಗೆ ಎಚ್ಚರ ಇರಲಿಲ್ಲ.

ಅಕ್ಟೋಬರ್ 15, ಬೆಳಿಗ್ಗೆ 11. ಬೆಟ್ಟದ ಕೆಳಗೆ, ದೊಡ್ಡ ಆಸ್ಪತ್ರೆ

ಊರಿಗೆ ಹೋಗುವ ಬಸ್ಸಿನಿಂದ ಮಗಳು ಇಲ್ಲಿ ಇಳಿದುಬಿಟ್ಟಳು. ನಾನೂ ಇಳಿದೆ.

ತಲೆಬುರುಡೆ ಕೊರೆದು ರಕ್ತ ತೆಗೆದಿದ್ದಾರೆ. ಇನ್ನೂ ಕಣ್ಣು ಬಿಟ್ಟಿಲ್ಲ. ಬಲಗೈ, ಬಲಗಾಲು ಚುಚ್ಚಿದರೂ ಅಲ್ಲಾಡುತ್ತಿಲ್ಲ. ಒಂದು ತಾಸು ಮುಂಚೆ ಬಂದಿದ್ದರೆ ಕೈಕಾಲು ಉಳಿಯುತ್ತಿತ್ತೇನೋ ಅಂತ ಇಲ್ಲಿನ ಡಾಕ್ಟರ್ ಅಂದರಂತೆ.

ಹೇಳಿದ್ದು ಲಾಂಡ್ರಿಯವಳೇ. ನನ್ನನ್ನು ಕಂಡ ಕೂಡಲೇ ಕಾಲಿಗೆ ಬೀಳಲು ಬಂದಳು. ಹೊಡೆದದ್ದಕ್ಕೆ ಕ್ಷಮೆ ಕೇಳಿದಳು. "ನೀವು ಬಾಯಿ ಬಿಡ್ದೇ ಇದ್ದಿದ್ರೆ ನಾನು ಇವ್ಳನ್ನ ರೂಮಲ್ಲಿ ಮಲಗಿಸ್ಬಿಡ್ತಿದ್ದೆ ಅಕ್ಕ." ನನ್ನ ಊದಿದ ತುಟಿ ಮುಟ್ಟಿ ನೋಡಿದಳು. ವಾಂತಿಯನ್ನು ಅಕ್ಕನೂ ನೋಡಿದ್ದರು, ಮೂರೂಕಾಲಿಗೆ ಡಾಕ್ಟರ್ ಕೇಳಿದಾಗ ಅಕ್ಕ ಅಲ್ಲೇ ಇದ್ದರು, ತಾನು ಸುಳ್ಳು ಹೇಳಿದೆ ಅಂತ ನನ್ನ ಮಗಳ ಮುಂದೆ ತಲೆ ಚಚ್ಚಿಕೊಂಡು ಅತ್ತಳು. ಅವಳಿಗೆ ಲೆಕ್ಕ ಹೊಳೆದಿಲ್ಲ. ನನ್ನ ಮಗಳಿಗೆ ಹೊಳೆಯಿತು.

ಬಂದು ಎದುರಿಗೆ ನಿಂತಿದ್ದಾಳೆ. ಹುಬ್ಬು ನೀಲಿಗಟ್ಟಿದೆ.

"ಮೂರೂಕಾಲಿಂದ ನಾನು ಬರೋವರೆಗೂ ಏನ್ ಮಾಡ್ತಿದ್ದೆ?"

ಪುಸ್ತಕವನ್ನು ಎದೆಯ ಕಡೆ ವಾಲಿಸಿಕೊಂಡೆ.

"ಬರೀತಾ ಇದ್ದೆ, ಅಲ್ವಾ? ಕೊಡು ಆ ಪುಸ್ತಕ."

ಬರೆಯುತ್ತಲೇ ಇದ್ದೇನೆ. ಕೈ ಚಾಚಿಕೊಂಡು ನಿಂತಿದ್ದಾಳೆ, ಬೆರಳಿನ ಗೆಣ್ಣುಗಳ ಮೇಲೆ ಇನ್ನೂ ಬಾವು. ಹನ್ನೆರಡನೇ ತಾರೀಖಿನ ಹಾಳೆ ಹರಿದುಕೊಂಡರೆ ಸಾಕಿತ್ತು. ಎದುರಿಗೆ ಲಾಂಡ್ರಿಯವಳೂ ನೋಡುತ್ತಿದ್ದಾಳೆ. ಅಮ್ಮಾ, ಕೊಡು ಅಂತಿದ್ದಾಳೆ. ಒಂದು ನಿಮಿಷ ಅಂದೆ. ಇಷ್ಟು ಬರೆದು ಕೊ